ಪುಟ್ಟಿ ಹೆತ್ತ ಗೀರ್ ಕರು

ಹರದನಹಳ್ಳಿಯ ಚಿಕ್ಕಬೀರಯ್ಯ ಹಾಲಿನ ಡೇರಿಯ ನಿರ್ದೇಶಕನಾದ ಮೇಲೆ ಅವನ ಕೈಗಿಂತ ಬಾಯಿಗೇ ಹೆಚ್ಚು ಕೆಲಸ ಬಿದ್ದಿದೆ ಎಂದು ಅವನ ಹೆಂಡತಿ ಶಿವಮ್ಮ ಹೇಳುತ್ತಿದ್ದಳು. ಅವನಿಗೆ ಕೇಳಿಸುವಂತೆಯೇ ಹೇಳುತ್ತಿದ್ದಳು. ಚಿಕ್ಕಬೀರಯ್ಯನಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಮಾತಾಡುವವನಿಗೆ ಒಬ್ಬರಾದರೂ ಕೇಳಿಸಿಕೊಳ್ಳುವವರು ಇದ್ದರೆ ಸಾಕು.

ಆ ವರ್ಷ ಅವನ ಬಾಯಲ್ಲಿ ಇದ್ದದ್ದು ಒಂದೇ ಮಾತು, ಗೀರ್ ಕರು. ಚಾಮರಾಜನಗರದಲ್ಲಿ ನಡೆದ ಸಭೆಯೊಂದರಲ್ಲಿ ಪಶುವೈದ್ಯೆ ಶಶಿರೇಖಾ ಹೊಸ ಯೋಜನೆಯೊಂದನ್ನು ವಿವರಿಸಿದ್ದರು. ಎಲ್ಲೋ ದೂರದಲ್ಲಿರುವ ಒಳ್ಳೆಯ ತಳಿಯ ಗೀರ್ ಹಸುವಿನ ಭ್ರೂಣವನ್ನು ತಂದು ನಮ್ಮೂರಿನ ಸಾಧಾರಣ ಹಸುವಿನ ಗರ್ಭದಲ್ಲಿ ಇಡುವುದು. ಹೊರುವುದು, ಹೆರುವುದು, ಹಾಲು ಕೊಡುವುದು ನಮ್ಮ ಹಸು. ಹುಟ್ಟುವುದು ಮಾತ್ರ ಅಪ್ಪಟ ಗೀರ್ ಕರು. ಆ ಭ್ರೂಣವನ್ನು ಇಂಗ್ಲಿಷಿನಲ್ಲಿ ಎಂಬ್ರಿಯೋ ಎನ್ನುತ್ತಾರೆ ಎಂದು ಚಿಕ್ಕಬೀರಯ್ಯ ಊರಿಗೆ ಬಂದು ಹೇಳಿದ. ಮಾರನೆಯ ದಿನಕ್ಕೆ ಅದು ಊರಿನ ಬಾಯಲ್ಲಿ ಎಂಬ್ರಾಯ್ಡರಿ ಆಗಿತ್ತು.

"ಮೊದ್ಲನೇ ಕರ ನಮ್ ಕೊಟ್ಟಿಗೇಲೇ. ಚಾಮುಂಡಿ ಇದ್ದಾಳಲ್ಲ!" ಎಂದು ಅವನು ಡೇರಿಯ ಕಟ್ಟೆಯ ಮೇಲೆ ಕೂತು ಸಾರಿದ.

ಚಾಮುಂಡಿ ಅವನ ಹಸು. ಕಪ್ಪು ಬಿಳುಪಿನ ಸೀಮೆಹಸು. ಹಿಂಡಿ, ಬೂಸಾ, ಹಸಿ ಜೋಳದ ಕಡ್ಡಿ ಎಂದು ಹೊತ್ತು ಹೊತ್ತಿಗೂ ತಿನ್ನಿಸಿ ಅವನು ಅದನ್ನು ಎಷ್ಟು ಬೆಳೆಸಿದ್ದನೆಂದರೆ, ಕೊಟ್ಟಿಗೆಯ ಬಾಗಿಲಲ್ಲಿ ಅದು ಬರುವಾಗ ಎದುರಿಗಿದ್ದವರು ಹಿಂದೆ ಸರಿಯಬೇಕಿತ್ತು. ಅದೇ ಕೊಟ್ಟಿಗೆಯ ಮೂಲೆಯಲ್ಲಿ ಇನ್ನೊಂದು ಹಸು ಇತ್ತು. ಅದು ಪುಟ್ಟಿ. ಕಪ್ಪು ಮೈ, ಉದ್ದ ಬೆನ್ನು, ಯಾವಾಗಲೂ ಅರೆಮುಚ್ಚಿದ ಕಣ್ಣು. ಅದು ಶಿವಮ್ಮನದು.

ಮೂರು ವರ್ಷದ ಕೆಳಗೆ ಶಿವಮ್ಮ ಕಾಯಿಲೆ ಬಿದ್ದು ಎದ್ದಾಗ, ಗುಂಡ್ಲುಪೇಟೆ ಕಡೆ ಚೆಂಡುಹೂವು ಬೆಳೆಯುವ ಅವಳ ತಮ್ಮ ಮೂಗಯ್ಯ, ಅಕ್ಕನ ಮನೆಯಲ್ಲಿ ಮುಂದಕ್ಕೆ ಕುಡಿಯುವುದಕ್ಕೆ ಹಾಲಿರಲಿ ಎಂದು ಪುಟ್ಟಿಯನ್ನು ಗೂಡ್ಸ್ ಆಟೋದಲ್ಲಿ ಹೊತ್ತು ತಂದಿದ್ದ. ಆಗಿನ್ನೂ ಪುಟ್ಟಿ ಕರು ಹಾಕದ ಕಡಸು. ಬಾಗಿಲಲ್ಲಿ ನಿಂತಿದ್ದ ಚಿಕ್ಕಬೀರಯ್ಯ ಅಕ್ಕಪಕ್ಕದವರೆಲ್ಲ ನೋಡುತ್ತಿರುವಾಗ, "ಇದೇನ್ಲಾ ಮೂಗಯ್ಯ, ಹಸ ತತ್ತೀನಿ ಅಂದು ಆಡ ತಂದಿದ್ದೀಯ?" ಎಂದುಬಿಟ್ಟ. ಎಲ್ಲರೂ ನಕ್ಕರು. ಮೂಗಯ್ಯ ಬಡಿಸಿದ ಎಲೆಯ ಮುಂದೆ ಕೂರದೆ ಅದೇ ಆಟೋ ಹತ್ತಿ ಹೊರಟುಹೋದ. ಅಂದಿನಿಂದ ಭಾವನಿಗೂ ಬಾಮೈದನಿಗೂ ಮಾತಿಲ್ಲ. ಶಿವಮ್ಮ ಮಾತ್ರ ವಾರಕ್ಕೊಮ್ಮೆ ತಮ್ಮನಿಗೆ ಫೋನು ಮಾಡಿ, ಪುಟ್ಟಿ ಹೇಗಿದೆ ಎಂದು ವರದಿ ಒಪ್ಪಿಸುತ್ತಿದ್ದಳು.

ಗೀರ್ ಕರುವಿನ ಮಾತು ಎದ್ದ ದಿನವೇ ಚಿಕ್ಕಬೀರಯ್ಯ ಮನೆಯಲ್ಲಿ ಒಂದು ಕಟ್ಟಪ್ಪಣೆ ಮಾಡಿದ. ಡಾಕ್ಟರು ಬರುವ ತನಕ ಚಾಮುಂಡಿಗೆ ಗಬ್ಬ ಕಟ್ಟಿಸುವ ಯಾವ ಇಂಜೆಕ್ಷನ್ನೂ ಕೊಡಿಸಕೂಡದು. ಡಾಕ್ಟರು ಬರುವುದು ತಡವಾಯಿತು. ಚಾಮುಂಡಿ ಎರಡು ಸಲ ಬೆದೆಗೆ ಬಂದು ಅರಚಿ ಅರಚಿ ಸುಮ್ಮನಾಯಿತು. ಮೂರನೆಯ ಸಲ ಅರಚಿದಾಗ ಚಿಕ್ಕಬೀರಯ್ಯ ಡೇರಿಯವರ ತರಬೇತಿಗೆಂದು ಮೈಸೂರಿಗೆ ಹೋಗಿದ್ದ. ಬೆಳಗಿನಿಂದ ಅದರ ಗೋಳು ಕೇಳಲಾರದೆ ಶಿವಮ್ಮ, ಊರೂರು ತಿರುಗಿ ಹಸುಗಳಿಗೆ ಇಂಜೆಕ್ಷನ್ ಕೊಡುವ ಸುನೀಲ್ ಕುಮಾರನನ್ನು ಕರೆಸಿದಳು. ಅವನು ಬೈಕಿನಲ್ಲಿ ಬಂದು ಕೆಲಸ ಮುಗಿಸಿಕೊಂಡು ಹೋದ.

ಅವಳು ಗಂಡನಿಂದ ಮುಚ್ಚಿಡಬೇಕೆಂದು ಇರಲಿಲ್ಲ. ಅವನು ರೈಲಿಳಿದು ಮನೆಗೆ ಬಂದ ಕೂಡಲೇ, "ನೋಡಿ, ಚಾಮುಂಡಿ ವಿಚಾರ..." ಎಂದು ಶುರು ಮಾಡಿದಳು.

"ಚಾಮುಂಡಿ ವಿಚಾರ ನೀನು ಬುಡಮ್ಮಿ. ನಾನಿಲ್ವಾ?" ಎಂದ ಅವನು.

ಮಾರನೆಯ ದಿನ ಮತ್ತೊಮ್ಮೆ ಬಾಯಿ ತೆಗೆದಳು. ಅವನು ಹುಟ್ಟದ ಕರುವಿಗೆ ಹೆಸರು ಹುಡುಕುತ್ತಿದ್ದ. "ಬುಡು ಅಂದ್ನಲ್ಲ," ಎಂದ. ಸರಿ, ಬಿಟ್ಟೆ ಅಂದುಕೊಂಡಳು ಶಿವಮ್ಮ. ಆಮೇಲೆ ಅವನು ಗೀರ್ ಕರುವಿನ ಸುದ್ದಿ ತೆಗೆದಾಗಲೆಲ್ಲ ಅವಳು ತುಟಿ ಬಿಗಿಹಿಡಿದು ಒಳಗೆ ಹೋಗುತ್ತಿದ್ದಳು. ಹೆಂಡತಿಗೂ ಈ ವಿಷಯದಲ್ಲಿ ಭಕ್ತಿ ಹುಟ್ಟಿದೆ ಎಂದು ಚಿಕ್ಕಬೀರಯ್ಯ ತಿಳಿದ.

ಕೊನೆಗೂ ಡಾಕ್ಟರು ಬರುವ ದಿನ ಗೊತ್ತಾಯಿತು. ಅಂದು ಬೆಳಗ್ಗೆ ಚಿಕ್ಕಬೀರಯ್ಯ ಚಾಮುಂಡಿಗೆ ಶಾಂಪೂ ಹಾಕಿ ಮೈ ತೊಳೆದ. ಹಣೆಗೆ ಕುಂಕುಮ ಇಟ್ಟ. ಪೇಟೆಯಿಂದ ತಂದಿದ್ದ ಹೊಸ ಮೂಗುದಾರ ಹಾಕಿದ. ಶಿವಮ್ಮ ಸೊಂಟಕ್ಕೆ ಕೈಕೊಟ್ಟು ನೋಡುತ್ತಿದ್ದವಳು, "ನೀವೂ ಒಂದ್ ಒಳ್ಳೇ ಷರ್ಟು ಹಾಕಳಿ. ಹೊಟ್ಟೆ ಇಬ್ರುದೂ ಒಂದೇ ಅಳತೆ ಅದ, ಡಾಕ್ಟ್ರಮ್ಮ ಯಾರನ್ನ ನೋಡ್ಬೇಕು ಅಂತ ತಬ್ಬಿಬ್ಬಾದಾರು," ಎಂದಳು.

ಡೇರಿಯ ಮುಂದೆ, ಹಸುಗಳನ್ನು ನಿಲ್ಲಿಸಿ ಕಟ್ಟುವ ಕಬ್ಬಿಣದ ಚೌಕಟ್ಟಿನ ಸುತ್ತ ಜನ ಸೇರಿದ್ದರು. ಡಾಕ್ಟರು ಶಶಿರೇಖಾ ಗಟ್ಟಿ ಸ್ವಭಾವದ ಹೆಂಗಸು. ನಗುವುದಿದ್ದರೂ ಕಣ್ಣಿನಲ್ಲೇ ನಗುತ್ತಿದ್ದರು. ಸಹಾಯಕ್ಕೆ ಸುನೀಲ್ ಕುಮಾರ್ ಬಂದಿದ್ದ. ಪಕ್ಕದ ಮನೆಯ ಕೆಂಪಯ್ಯನ ಹಸುವನ್ನು ಮೊದಲು ನೋಡಿದರು. ಹಿಂದಿನ ಸಲ ಕರು ಅಡ್ಡ ಸಿಕ್ಕಿ ಎಳೆದು ತೆಗೆಯಬೇಕಾಯಿತೆಂದು ತಿಳಿದೊಡನೆ ಬೇಡವೆಂದರು. ಇನ್ನೊಬ್ಬರ ಹಸು ಹತ್ತಿರ ಹೋದವರನ್ನೆಲ್ಲ ಒದೆಯಿತು. ಅದೂ ಬೇಡ. ನಾಲ್ಕೈದು ಹಸುಗಳು ಪಾಸಾದವು. ಬೇಡವೆನಿಸಿಕೊಂಡ ಕೆಂಪಯ್ಯ ಮನೆಗೆ ಹೋಗದೆ, ಮುಂದಿನ ತಮಾಷೆ ನೋಡಲು ಕಟ್ಟೆಯ ಮೇಲೆ ಜಾಗ ಹಿಡಿದು ಕೂತ.

ಚಾಮುಂಡಿ ಬಂದಾಗ ಜನ ದಾರಿ ಬಿಟ್ಟರು. ಡಾಕ್ಟರು ಅದರ ಸೊಂಟದ ಮೇಲೆ ಅಂಗೈ ಊರಿ ಒತ್ತಿ ನೋಡಿದರು. ಬಾಲದ ಬುಡ ಹಿಡಿದು ನೋಡಿದರು.

"ಎಲುಬೇ ಕೈಗೆ ಸಿಗ್ತಿಲ್ವಲ್ಲ ಬೀರಯ್ಯನೋರೇ."

"ಯಾಕ್ ಸಿಗ್ಬೇಕು ಮೇಡಂ? ಸಾಕಿರೋನು ನಾನು!"

"ಅದೇ ತೊಂದ್ರೆ. ಇಷ್ಟು ಕೊಬ್ಬಿದ್ರೆ ಭ್ರೂಣ ನಿಲ್ಲೋದು ಕಷ್ಟ. ಬಡಕಲೂ ಆಗ್ಬಾರ್ದು, ಇಷ್ಟೂ ಆಗ್ಬಾರ್ದು."

ಚಿಕ್ಕಬೀರಯ್ಯನಿಗೆ ಇದು ಹೊಗಳಿಕೆಯೋ ತೆಗಳಿಕೆಯೋ ತಿಳಿಯಲಿಲ್ಲ. "ಒಳಗ ನೋಡಿ ಯಾಕ್ ಕೈ ಗಲೀಜು ಮಾಡ್ಕತೀರಿ ಮೇಡಂ? ಬೆದೆ ಬರ್ಸೋ ಇಂಜೆಕ್ಷನ್ ಕೊಟ್ಟೇ ಬುಡಿ. ಮಿಕ್ಕುದ್ದು ಅದು ನೋಡ್ಕತದ," ಎಂದ.

ಹೆಂಗಸರ ಗುಂಪಿನಿಂದ ಶಿವಮ್ಮ ಸರಸರ ಮುಂದೆ ಬಂದಳು. "ಬ್ಯಾಡಿ ಮೇಡಂ, ಕೈ ಹಾಕಿ ನೋಡ್ದೆ ಒಂದ್ ತೊಟ್ಟೂ ಕೊಡ್ಬ್ಯಾಡಿ!"

"ನೋಡದೆ ನಾನು ಯಾವ ಹಸುಗೂ ಕೊಡಲ್ಲಮ್ಮ," ಎಂದು ಡಾಕ್ಟರು ತೋಳುದ್ದದ ಗ್ಲೌಸ್ ಏರಿಸಿಕೊಂಡರು.

ಚಾಮುಂಡಿ ಒಮ್ಮೆ ಕೊಸರಾಡಿತು. ಡಾಕ್ಟರು ಎತ್ತಲೋ ನೋಡುತ್ತಾ, ಕೈಯಿಂದಲೇ ಏನನ್ನೋ ಹುಡುಕಿದರು. ಆಮೇಲೆ ಅವರ ಕಣ್ಣಿನಲ್ಲಿ ಆ ನಗು ಬಂತು.

"ಬೀರಯ್ಯನೋರೇ, ಇದು ಆಗ್ಲೇ ಗಬ್ಬ ಆಗಿದೆ. ಮೂರು ತಿಂಗಳು ತುಂಬ್ತಾ ಬಂತು. ನೀವು ಹೇಳಿದ ಹಾಗೆ ಇಂಜೆಕ್ಷನ್ ಕೊಟ್ಟಿದ್ರೆ ಗರ್ಭ ಜಾರಿ ಕಂದು ಹಾಕಿಬಿಡ್ತಿತ್ತು."

ಕಟ್ಟೆಯ ಮೇಲಿಂದ ಕೆಂಪಯ್ಯನ ದನಿ ಎದ್ದಿತು. "ಬೀರಣ್ಣ, ಎಂಬ್ರಾಯ್ಡರಿ ಬರಾಕ್ ಮುಂಚೇನೇ ಬಟ್ಟೆ ಹೊಲ್ದಾಗದಲ್ಲ!"

ಡೇರಿಯ ಮುಂದೆ ನಗು ಹೊರಳಿತು. ಚಿಕ್ಕಬೀರಯ್ಯ ಡಾಕ್ಟರನ್ನು ನೋಡಿದ, ಚಾಮುಂಡಿಯನ್ನು ನೋಡಿದ, ಸುನೀಲ್ ಕುಮಾರನನ್ನು ನೋಡಿದ. ಸುನೀಲ್ ಕುಮಾರ್ ಖಾಲಿ ಬಕೆಟ್ಟೊಂದನ್ನು ಬಹಳ ಶ್ರದ್ಧೆಯಿಂದ ತೊಳೆಯತೊಡಗಿದ.

"ಅವನ್ನ ಯಾಕ್ ನೋಡೀರಿ? ಕರ್ಸಿದ್ದು ನಾನು," ಎಂದಳು ಶಿವಮ್ಮ. "ನೀವು ಮೈಸೂರಲ್ಲಿ ಹಸ ಸಾಕೋದು ಕಲೀತಿದ್ರಿ. ಇಲ್ಲಿ ಹಸ ಗೋಳಾಡ್ತಿತ್ತು. ಬಂದ್ ಮ್ಯಾಲೆ ಹೇಳಕ್ಕೆ ಎರಡ್ ಸಲ ಬಾಯಿ ತೆಗ್ದಿ. ಬುಡು ಅಂದ್ರಿ, ನಾನು ಬುಟ್ಟಿ."

ಅವನಿಗೆ ಸಿಟ್ಟು ಬಂದಿತ್ತು. ಆದರೆ ಸಿಟ್ಟಿಗೆ ನಿಲ್ಲಲು ನೆಲ ಸಿಗಲಿಲ್ಲ. ಹೆಂಡತಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

"ಮನೇಲಿ ಇನ್ನೊಂದು ಹಸು ಇದೆಯಾ?" ಎಂದು ಡಾಕ್ಟರು ಕೇಳಿದರು.

"ಇಲ್ಲ," ಎಂದ ಚಿಕ್ಕಬೀರಯ್ಯ. "ಅದ," ಎಂದಳು ಶಿವಮ್ಮ. ಎರಡೂ ಒಟ್ಟಿಗೇ ಬಂದವು.

ಅವಳು ಹೋಗಿ ಪುಟ್ಟಿಯನ್ನು ಹಿಡಿದುಕೊಂಡು ಬಂದಳು. ಶಾಂಪೂ ಇಲ್ಲ, ಕುಂಕುಮ ಇಲ್ಲ. ಬೆನ್ನ ಮೇಲೆ ಒಣಹುಲ್ಲಿನ ಎರಡು ಎಸಳು ಅಂಟಿದ್ದವು. ಪುಟ್ಟಿ ತಾನಾಗಿ ಚೌಕಟ್ಟಿನೊಳಗೆ ಹೋಗಿ ನಿಂತು, ಬಸ್ಸಿಗೆ ಕಾಯುವವರ ಹಾಗೆ ಮೆಲುಕು ಹಾಕತೊಡಗಿತು. ಡಾಕ್ಟರು ಪಕ್ಕೆ ತಡವಿದರು. ಕೊನೆಯ ಪಕ್ಕೆಲುಬುಗಳು ಕಂಡೂ ಕಾಣದಂತಿದ್ದವು. ಒಳಗೆ ಕೈ ಹಾಕಿ ಪರೀಕ್ಷಿಸಿದರೂ ಅದು ಅಲುಗಲಿಲ್ಲ.

"ಕರು ಹಾಕಿ ಎಷ್ಟು ದಿನವಾಯ್ತು?"

"ನಾಕೈದ್ ತಿಂಗ್ಳಾಯ್ತು ಮೇಡಂ. ನಾವು ಎದ್ದು ನೋಡೋ ಹೊತ್ಗೆ ಕರ ನಿಂತ್ಕಂಡು ಮೊಲೆ ಉಣ್ತಿತ್ತು. ಬೆದೆಗೂ ಸರ್ಯಾಗಿ ಬತ್ತದ."

"ನನಗೆ ಬೇಕಾಗಿದ್ದು ಇಂಥದ್ದೇ," ಎಂದರು ಡಾಕ್ಟರು.

ಚಿಕ್ಕಬೀರಯ್ಯನಿಗೆ ತಡೆಯಲಾಗಲಿಲ್ಲ. "ಮೇಡಂ, ಇದರ ಹಾಲು ನಮ್ ಕಾಫಿಗೂ ಸಾಲಲ್ಲ. ಕರಗೂ ಅದೇ ಗುಣ ಬಂದ್ಬುಟ್ರೆ?"

"ಗುಣ ಬರೋದು ಭ್ರೂಣದ ಅಪ್ಪ ಅಮ್ಮನಿಂದ. ಇದರಿಂದ ಅಲ್ಲ. ಇದು ಆರೋಗ್ಯವಾಗಿದ್ದು, ಸಮಾಧಾನವಾಗಿದ್ದು, ಸಲೀಸಾಗಿ ಹೆತ್ತರೆ ಸಾಕು. ಇದರ ಯಜಮಾನರು ಯಾರು? ಒಪ್ಪಿಗೆ ಬೇಕು."

ಚಿಕ್ಕಬೀರಯ್ಯ ಅಭ್ಯಾಸಬಲದಿಂದ ಮುಂದೆ ಬಂದ. ಆದರೆ ಶಿವಮ್ಮ ಇನ್ನೂ ಮುಂದಿದ್ದಳು. "ಪುಟ್ಟಿ ನಂದು ಮೇಡಂ. ನನ್ ತಮ್ಮ ಕೊಟ್ಟಿದ್ದು. ನಂದು ಒಪ್ಗೆ ಅದ. ಆದ್ರೂ ಕೊಟ್ಟೋನ್ನ ಒಂದ್ ಮಾತು ಕೇಳ್ಬೇಕು ನೋಡಿ." ಆಮೇಲೆ ಗಂಡನ ಕಡೆ ತಿರುಗಿ ಫೋನು ಚಾಚಿದಳು. "ನೀವೇ ಕೇಳಿ."

"ನೀನೇ ಕೇಳಮ್ಮಿ."

"ಊರ್ಗೆಲ್ಲ ಗೀರ್ ಕರ ಅಂತ ಸಾರಿದ್ದು ನಾನಾ?"

ಕೆಂಪಯ್ಯ ಕಟ್ಟೆಯಿಂದ ಇಳಿದು ಹತ್ತಿರ ಬಂದ. ಇಷ್ಟು ದೂರದಿಂದ ಕೇಳಿಸಲಾರದು ಎಂದು ಅವನಿಗೆ ಅನ್ನಿಸಿತ್ತು. ಶಿವಮ್ಮ ಅವನ ಅನುಕೂಲಕ್ಕೋ ಎಂಬಂತೆ ಸ್ಪೀಕರ್ ಹಾಕಿದಳು.

ಮೂಗಯ್ಯ ಹೊಲದಲ್ಲಿದ್ದ. ಕೇರಳದಿಂದ ಬಂದ ಹೂವಿನ ವ್ಯಾಪಾರಿಗಳ ಜೊತೆ ಬೆಳಗಿನಿಂದ ಗುದ್ದಾಡಿ ಅವನ ನಾಲಿಗೆ ಇನ್ನೂ ಗಡಿಯ ಆಚೆಯೇ ಇತ್ತು. "ಪರಯೂ ಚೇಟಾ!" ಎಂದ, ಹೇಳಣ್ಣ ಎನ್ನುವುದಕ್ಕೆ.

"ಚೇಟ ಅಲ್ಲ ಕಣ್ಲಾ. ಭಾವ."

ಆ ಕಡೆ ಗಾಡಿಗೆ ಮೂಟೆ ಎಸೆಯುವ ಸದ್ದು ಕೇಳಿಸಿತು. ಆಮೇಲೆ ಪ್ರಶ್ನೆ ಬಂತು. "ಯಾವ ಭಾವ?"

"ನಿನಗ ಎಷ್ಟ್ ಜನ ಭಾವಂದಿರು ಇದ್ದಾರ್ಲಾ? ಹರದನಹಳ್ಳಿ ಭಾವ. ಇಲ್ಲಿ ಡಾಕ್ಟ್ರು ಬಂದವ್ರೆ. ಪುಟ್ಟಿ ಹೊಟ್ಟೆಗೆ ಗೀರ್ ಕರ ಬುಡ್ತಾರಂತ. ನೀನು ಹೂಂ ಅನ್ನಬೇಕಂತ ನಿಮ್ಮಕ್ಕಂದು ಹಟ."

"ಪುಟ್ಟಿ ಯಾವ್ದು ಭಾವ? ನಾನು ನಿಮ್ ಮನಗ ಹಸ ಕೊಟ್ಟ ಗ್ಯಾಪಕ ಇಲ್ವಲ್ಲ. ನಾನ್ ಕೊಟ್ಟಿದ್ದು ಒಂದ್ ಆಡ."

ಚಿಕ್ಕಬೀರಯ್ಯ ಸಣ್ಣ ದನಿಯಲ್ಲಿ, "ಹಸನೇ ಕಣ್ಲಾ," ಎಂದ.

"ಕೇಳುಸ್ನಿಲ್ಲ ಭಾವ. ಹೊಲದಲ್ಲಿ ಸಿಗ್ನಲ್ ಇಲ್ಲ."

"ಹಸ ಕಣ್ಲಾ!"

"ಏನು, ಮೊಲನಾ?"

"ಹಸ! ಹಸ! ಹಸ ಕಣ್ಲಾ ಮೂಗಯ್ಯ! ತಪ್ಪಾಯ್ತು, ಹಸ!"

ಅವನ ಕೂಗಿಗೆ ಪುಟ್ಟಿ ಕೂಡ ಅರೆಮುಚ್ಚಿದ ಕಣ್ಣು ತೆರೆದು ನೋಡಿತು. ಆ ಕಡೆಯಿಂದ ಮೂಗಯ್ಯನ ನಗು ಕೇಳಿಸಿತು. "ಹಂಗಾದ್ರ ಸರಿ ಭಾವ. ಅಕ್ಕನಿಷ್ಟ ಹೆಂಗೋ ಹಂಗ," ಎಂದ.

ಆರಿಸಿದ ಹಸುಗಳಿಗೆಲ್ಲ ಒಂದೇ ಹೊತ್ತಿಗೆ ಬೆದೆ ಬರುವಂತೆ ಇಂಜೆಕ್ಷನ್ ಕೊಟ್ಟರು. ಬೆದೆ ಕಂಡ ಏಳನೆಯ ದಿನ ಡಾಕ್ಟರು ಮತ್ತೆ ಬಂದು, ಯಂತ್ರ ಹಿಡಿದು ಗರ್ಭಕೋಶ ಸಿದ್ಧವಾಗಿದೆಯೇ ಎಂದು ನೋಡಿದರು. ಪುಟ್ಟಿಯದು ಸಿದ್ಧವಾಗಿತ್ತು. ಗೀರ್ ಕರು ಎಂದರೆ ದೊಡ್ಡ ಪೆಟ್ಟಿಗೆಯಲ್ಲಿ ಬರುತ್ತದೆ ಎಂದುಕೊಂಡಿದ್ದ ಚಿಕ್ಕಬೀರಯ್ಯನಿಗೆ, ಹೊಗೆಯಾಡುವ ಕ್ಯಾನಿನಿಂದ ಅವರು ತೆಗೆದ, ಭ್ರೂಣವಿದ್ದ ಕಡ್ಡಿಯಂಥ ಸಣ್ಣ ಕೊಳವೆ ನೋಡಿ ನಿರಾಸೆಯಾಯಿತು.

"ಇಷ್ಟೇನಾ ಮೇಡಂ?"

"ನೀವೂ ಒಂದು ಕಾಲದಲ್ಲಿ ಇಷ್ಟೇ ಇದ್ರಿ ಬೀರಯ್ಯನೋರೇ."

ಭ್ರೂಣ ಇರಿಸಿ ಹೋಗುವಾಗ ಡಾಕ್ಟರು, ಹಸುವನ್ನು ಓಡಿಸಬೇಡಿ, ಹೆದರಿಸಬೇಡಿ, ಮೇವು ಏಕಾಏಕಿ ಬದಲಿಸಬೇಡಿ ಎಂದು ಹೇಳಿದರು. ಚಿಕ್ಕಬೀರಯ್ಯ ಇದನ್ನು ಊರಿಗೇ ಅನ್ವಯಿಸಿದ. ತನ್ನ ಮನೆಯ ಮುಂದೆ ಟ್ರ್ಯಾಕ್ಟರಿನ ಹಾರನ್ ಒತ್ತಬಾರದೆಂದು ಕೆಂಪಯ್ಯನಿಗೆ ತಾಕೀತು ಮಾಡಿದ. ಕುಕ್ಕರ್ ಕೂಗಿದರೆ ಓಡಿಹೋಗಿ ಒಲೆ ಆರಿಸುತ್ತಿದ್ದ. ಎರಡು ದಿನ ಮನೆಯವರು ಬೇಯದ ಅವರೆಕಾಳು ತಿಂದರು.

"ನಿನ್ ಹೆಂಡ್ತಿ ಬಸ್ರೀಲೂ ನೀನು ಇಷ್ಟು ಮಾಡ್ನಿಲ್ಲ ಕಣ್ಲಾ," ಎಂದ ಕೆಂಪಯ್ಯ ಒಂದು ಸಂಜೆ.

"ಆಗ ನನ್ ತಲೆ ಮ್ಯಾಲ ಹುಲ್ಲಿನ ಹೊರೆ ಹೊರ್ಸಿ ಕಳುಸ್ತಿದ್ರು," ಎಂದಳು ಶಿವಮ್ಮ ಅಂಗಳ ಗುಡಿಸುತ್ತಾ. ನಗುತ್ತಲೇ ಹೇಳಿದಳು. ಚಿಕ್ಕಬೀರಯ್ಯನೂ ನಕ್ಕ, ಆದರೆ ಆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಮಾರನೆಯ ಬೆಳಗ್ಗೆ ಅವಳು ಕುಡುಗೋಲು ಹುಡುಕಿದರೆ ಸಿಗಲಿಲ್ಲ. ಅವನು ಆಗಲೇ ಹೊಲಕ್ಕೆ ಹೋಗಿ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ. ಏದುಸಿರು ಬಿಡುತ್ತಿದ್ದ. "ಅಷ್ಟೊಂದು ಭಾರ ಇರಲ್ಲ ಕಣಮ್ಮಿ," ಎಂದು ಅಂಗಳದಲ್ಲಿ ಕುಸಿದು ಕೂತ. ಅವಳು ನೀರು ತಂದುಕೊಟ್ಟಳು. ಅಂದಿನಿಂದ ಹುಲ್ಲು ತರುವ ಕೆಲಸ ಅವನದೇ ಆಯಿತು.

ಎರಡು ತಿಂಗಳ ಮೇಲೆ ಡಾಕ್ಟರು ಬಂದು ನೋಡಿದಾಗ ಊರಿನಲ್ಲಿ ಭ್ರೂಣ ಇರಿಸಿಕೊಂಡ ಹಸುಗಳಲ್ಲಿ ಹೆಚ್ಚಿನವು ಗಬ್ಬ ಕಟ್ಟಿರಲಿಲ್ಲ. ಪುಟ್ಟಿಗೆ ನಿಂತಿತ್ತು. ಚಿಕ್ಕಬೀರಯ್ಯ ಮೊದಲು ಶಿವಮ್ಮನಿಗೆ ಹೇಳಿದ, ಆಮೇಲೆ ಯಾರೂ ಹೇಳದೆ ತಾನಾಗಿ ಮೂಗಯ್ಯನಿಗೆ ಫೋನು ಮಾಡಿದ. ಈ ಸಲ ಸಿಗ್ನಲ್ ಚೆನ್ನಾಗಿತ್ತು.

ಮಧ್ಯದಲ್ಲಿ ಚಾಮುಂಡಿ ಹೆತ್ತಿತು. ಸಲೀಸಾಗಿ ಹೆರಲಿಲ್ಲ. ಕೊಬ್ಬಿದ ಮೈ, ದೊಡ್ಡ ಕರು. ಡಾಕ್ಟರು ಚಾಮರಾಜನಗರದಿಂದ ಬಂದು, ಸುನೀಲ್ ಕುಮಾರ್ ಜೊತೆ ಸೇರಿ ಬೆವರು ಸುರಿಸಿ ಕರುವನ್ನು ಎಳೆದು ತೆಗೆದರು. ಹೆಣ್ಣು ಕರು. ತಾಯಿ, ಕರು ಎರಡೂ ಉಳಿದವು. ಅಷ್ಟು ಹೊತ್ತೂ ಚಿಕ್ಕಬೀರಯ್ಯ ಚಾಮುಂಡಿಯ ಕತ್ತು ತಬ್ಬಿಕೊಂಡು ಬಾಯಿ ಮುಚ್ಚಿ ಕೂತಿದ್ದ. ಅವನು ಅಷ್ಟು ಹೊತ್ತು ಮಾತಾಡದೆ ಇದ್ದದ್ದನ್ನು ಶಿವಮ್ಮ ಅಂದೇ ಮೊದಲು ನೋಡಿದ್ದು. ಅವಳಿಗೆ ಹಸುವಿಗಿಂತ ಅವನದೇ ಭಯವಾಯಿತು. ಆಮೇಲೆ ಅವನು ಹಿಂಡಿ ಅಳೆದು ಹಾಕುವುದನ್ನು ಕಲಿತ.

ಪುಟ್ಟಿ ಹೆತ್ತದ್ದು ಒಂದು ಬೆಳಗ್ಗೆ. ಚಿಕ್ಕಬೀರಯ್ಯ ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಕರು ನೆಲದ ಮೇಲಿತ್ತು. ಶಿವಮ್ಮ ಕೊಟ್ಟಿಗೆಯ ಬಾಗಿಲಲ್ಲಿ ಸುಮ್ಮನೆ ನಿಂತಿದ್ದಳು. ಕೆಮ್ಮಣ್ಣಿನ ಬಣ್ಣದ ಮೈ, ಉಬ್ಬಿದ ಹಣೆ, ಮಡಿಚಿದ ವೀಳ್ಯದೆಲೆಯ ಹಾಗೆ ಗಲ್ಲದ ಕೆಳಗೆ ಜೋತುಬಿದ್ದ ಉದ್ದ ಕಿವಿ. ಕಪ್ಪು ಪುಟ್ಟಿಯನ್ನು ಯಾವ ಕಡೆಯಿಂದಲೂ ಹೋಲದ ಕರು. ಪುಟ್ಟಿಗೆ ಆ ಯೋಚನೆಯೇ ಇರಲಿಲ್ಲ. ಕರುವನ್ನು ನೆಕ್ಕಿ ನೆಕ್ಕಿ ಅದರ ಕೂದಲೆಲ್ಲ ನಿಗುರಿಸಿತ್ತು. ಕರು ಎದ್ದು ನಿಲ್ಲಲು ಹೋಗಿ ತನ್ನ ಕಿವಿಯನ್ನೇ ತಾನು ತುಳಿಯುತ್ತದೋ ಎಂಬಂತೆ ತೂರಾಡಿ ಬಿತ್ತು. ಚಿಕ್ಕಬೀರಯ್ಯ ಮುಂದೆ ಹೋಗಲು ನೋಡಿದ. ಎಂದೂ ಯಾರನ್ನೂ ಹಾಯದ ಪುಟ್ಟಿ ಅವನ ಕಡೆ ಕೋಡು ತಿರುಗಿಸಿತು.

"ಅದರ ಮಗನ್ನ ಮುಟ್ಬ್ಯಾಡಿ. ಅದಕ್ಕ ಸೇರಲ್ಲ," ಎಂದಳು ಶಿವಮ್ಮ. ಅವಳ ಕಣ್ಣು ಒದ್ದೆಯಾಗಿತ್ತು.

"ಮಗನಾ? ಗಂಡಾ?"

"ಗಂಡೇ."

ಹೆಣ್ಣು ಕರುವಿಗೆಂದೇ ಸಿದ್ಧಪಡಿಸಿದ ಭ್ರೂಣವಾದ್ದರಿಂದ ಹೆಣ್ಣು ಹುಟ್ಟುವುದೇ ಹೆಚ್ಚು ಎಂದು ಡಾಕ್ಟರು ಹೇಳಿದ್ದರು. ಅಪರೂಪಕ್ಕೊಂದು ಗಂಡಾಗಬಹುದು ಎಂದೂ ಹೇಳಿದ್ದರು. ಆ ಎರಡನೆಯ ಮಾತನ್ನು ಚಿಕ್ಕಬೀರಯ್ಯ ಯಾರಿಗೂ ಹೇಳಿರಲಿಲ್ಲ. ಊರಿಗೆಲ್ಲ ಮಡಕೆ ತುಂಬ ಹಾಲು ಕರೆಯುವ ಗೀರ್ ಹಸುವಿನ ಕನಸು ಹಂಚಿದ್ದ. ಈಗ ಕೆಂಪಯ್ಯ ಬರುತ್ತಾನೆ, ಏನೆನ್ನುತ್ತಾನೋ ಎಂದು ಒಂದು ಗಳಿಗೆ ಎದೆ ಅಳುಕಿತು. ಅಷ್ಟರಲ್ಲಿ ಕರು ಎದ್ದು ನಿಂತು, ಹುಡುಕಿ ಹುಡುಕಿ ಮೊಲೆಗೆ ಬಾಯಿ ಹಾಕಿ, ಬಾಲ ಅಲ್ಲಾಡಿಸಿತು. ಅಳುಕು ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ.

"ನೋಡಮ್ಮಿ, ನೋಡಮ್ಮಿ, ಹೆಂಗ್ ಉಣ್ತದ!" ಎಂದ.

ಮಧ್ಯಾಹ್ನದ ಬಸ್ಸಿಗೆ ಮೂಗಯ್ಯ ಬಂದ. ಚಿಕ್ಕಬೀರಯ್ಯ ಬಸ್ ಸ್ಟ್ಯಾಂಡಿಗೇ ಹೋಗಿ ಬೈಕಿನಲ್ಲಿ ಕೂರಿಸಿಕೊಂಡು ಬಂದ. ಇಬ್ಬರೂ ಪಕ್ಕಪಕ್ಕ ಕೂತು ಉಂಡರು. ಚಿಕ್ಕಬೀರಯ್ಯ ಬಾಮೈದನ ಎಲೆಗೆ ಬಲವಂತವಾಗಿ ಇನ್ನೊಂದು ಮುದ್ದೆ ಹಾಕಿಸಿದ. ಮೂಗಯ್ಯ ಬೇಡವೆನ್ನುತ್ತಲೇ ಉಂಡ. ಊಟದ ಮೇಲೆ ಕೊಟ್ಟಿಗೆಯಲ್ಲಿ ನಿಂತು, "ಭಾವ, ಬೆಳದ್ ಮ್ಯಾಲ ಈ ಗೂಳಿನ ನಮ್ಮೂರ್ಗೆ ಕೊಡಿ. ನಮ್ ಕಡೆ ಹಸಗೊಳ್ಗೆ ಆಯ್ತದ," ಎಂದ. ಮಾರನೆಯ ದಿನ ಬಂದ ಡಾಕ್ಟರು, ಒಳ್ಳೆಯ ತಳಿಯ ಗಂಡು ಕರು, ಹಾಲು ಬಿಟ್ಟ ಮೇಲೆ ಹೋರಿ ಸಾಕುವ ಕೇಂದ್ರದವರು ಕೇಳಬಹುದು ಎಂದರು. ಕೆಂಪಯ್ಯ, ಹರದನಹಳ್ಳಿ ಕರು ಹರದನಹಳ್ಳಿಯಲ್ಲೇ ಇರಬೇಕು ಎಂದು ಹೊಸ ವಾದ ಹೂಡಿದ.

ಆ ಸಂಜೆ ಡೇರಿಯಲ್ಲಿ ಹಾಲಿಗೆ ನಿಂತ ಜನವೆಲ್ಲ ಅದೇ ಮಾತಾಡುತ್ತಿದ್ದರು. ಕೇಂದ್ರಕ್ಕೆ ಕೊಡಬೇಕೆಂದು ಕೆಲವರು, ಬಾಮೈದನಿಗೆ ಕೊಡುವುದು ನ್ಯಾಯವೆಂದು ಕೆಲವರು.

"ಏನ್ ಬೀರಣ್ಣ, ನೀನು ಏನಂತೀಯ? ಯಾರ್ಗೆ ಕೊಡ್ತೀಯ?" ಎಂದು ಕೆಂಪಯ್ಯ ಎಲ್ಲರಿಗೂ ಕೇಳುವಂತೆ ಕೇಳಿದ.

ಎಲ್ಲರೂ ಅವನ ಬಾಯನ್ನೇ ನೋಡಿದರು. ಚಿಕ್ಕಬೀರಯ್ಯ ಗಂಟಲು ಸರಿಮಾಡಿಕೊಂಡ, ಕಟ್ಟೆಯ ಮೇಲೆ ನೆಟ್ಟಗೆ ಕೂತ, ಬಾಯಿ ತೆರೆದ. ಆಮೇಲೆ ಏನೋ ನೆನಪಾದವನಂತೆ ಮುಚ್ಚಿಕೊಂಡು, ಖಾಲಿ ಕ್ಯಾನು ಎತ್ತಿಕೊಂಡು ಇಳಿದ.

"ತಡೀರ್ಲಾ, ಮನೇಲಿ ಕೇಳ್ಕಂಡು ಬತ್ತೀನಿ," ಎಂದ.